ಕೈ ಬೆಚ್ಚಗಾಗುವವರೆಗೆ

ನಮ್ಮ ಮನೆಯ ಬೀರುವಿನಲ್ಲಿ ಹನ್ನೊಂದು ಜೊತೆ ಕೈಗವಸುಗಳಿವೆ. ಎಣಿಸಿದ್ದು ನಾನಲ್ಲ, ನನ್ನ ಹೆಂಡತಿ ಸುಮಿತ್ರಾ. ಕಳೆದ ವಾರ ಬೀರು ಚೊಕ್ಕಟ ಮಾಡುತ್ತೇನೆಂದು ಹೊರಟವಳು ಅವನ್ನೆಲ್ಲ ಮಂಚದ ಮೇಲೆ ಹರಡಿ, "ಏನ್ರೀ ಮಾಡೋದು ಇವನ್ನ? ನೀವು ಹಾಕ್ಕೊಳೋದೂ ಇಲ್ಲ, ಯಾರಿಗಾದ್ರೂ ಕೊಡೋಕೂ ಬಿಡಲ್ಲ" ಎಂದು ನನ್ನನ್ನು ಕರೆದು ನಿಲ್ಲಿಸಿದಳು. ಅವನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಗಂತ ಬಿಸಾಡಲೂ ಮನಸ್ಸು ಬರುವುದಿಲ್ಲ.

ಅದರಲ್ಲಿ ಒಂದು ಜೊತೆ ನನ್ನ ಅತ್ತೆಯವರು ಹೆಣೆದದ್ದು. ನೀಲಿ ಉಣ್ಣೆ, ಮೇಲೆ ಒಂದೊಂದು ಕೆಂಪು ಗುಲಾಬಿ. ಪಾಪ, ಅವರು ಮೊದಲನೆಯದನ್ನು ಮುಗಿಸಿ ಅದನ್ನೇ ಎದುರಿಗಿಟ್ಟುಕೊಂಡು ಎರಡನೆಯದನ್ನು ಹೆಣೆದದ್ದರಿಂದ ಎರಡೂ ಎಡಗೈಗೇ ಆದವು. ಬಲಗೈಗೆ ಹಾಕಿಕೊಂಡರೆ ಗುಲಾಬಿ ಅಂಗೈಗೆ ಬರುತ್ತಿತ್ತು. ಸ್ಕೂಟರಿನ ಬ್ರೇಕು ಹಿಡಿದರೆ ಆ ಗುಲಾಬಿ ಜಾರುತ್ತಿತ್ತು. ಇದನ್ನು ಅವರಿಗೆ ಹೇಳುವ ಧೈರ್ಯ ನನಗೂ ಬರಲಿಲ್ಲ, ಅವರ ಮಗಳಿಗೂ ಬರಲಿಲ್ಲ. ಇನ್ನೊಂದು ಜೊತೆ ಚರ್ಮದ್ದು, ದೆಹಲಿಯಲ್ಲಿ ಕೆಲಸ ಮಾಡಿ ಬಂದ ಪಕ್ಕದ ಮನೆಯವರು ಕೊಟ್ಟಿದ್ದು. ಅದರೊಳಗೆ ಕೈ ತೂರಿಸಿದರೆ ಬೆರಳು ಮಡಿಸುವ ಪ್ರಶ್ನೆಯೇ ಇಲ್ಲ. ಉಳಿದವನ್ನು ಯಾರು ಯಾರು ಕೊಟ್ಟರೋ ಮರೆತಿದ್ದೇನೆ. ಕೊಟ್ಟವರೆಲ್ಲರೂ ಒಂದೇ ಮಾತು ಹೇಳಿದ್ದರು: "ಇದನ್ನ ಹಾಕ್ಕೊಂಡ್ ನೋಡಿ ಡಾಕ್ಟ್ರೇ, ಚಳೀನೇ ಗೊತ್ತಾಗಲ್ಲ."

ಗೊತ್ತಾಗುತ್ತದೆ ಸ್ವಾಮಿ. ನನಗೆ ಗೊತ್ತಾಗುತ್ತದೆ.

ನನ್ನ ಬೆರಳುಗಳಿಗೆ ಒಂದು ಕಾಯಿಲೆಯಿದೆ. ಕಾಯಿಲೆ ಎನ್ನುವುದೂ ಹೆಚ್ಚು, ಹಟ ಎನ್ನೋಣ. ಸ್ವಲ್ಪ ಚಳಿ ತಗುಲಿದರೆ ಸಾಕು, ಬೆರಳಿನ ಸಣ್ಣ ರಕ್ತನಾಳಗಳೆಲ್ಲ ಮುದುಡಿಕೊಂಡುಬಿಡುತ್ತವೆ. ಬೆರಳು ಮೊದಲು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ನೀಲಿಯಾಗುತ್ತದೆ, ಕೊನೆಗೆ ಕೆಂಪಗಾಗಿ ಉರಿಯುತ್ತದೆ. ಬೆಳ್ಳಗಿರುವಷ್ಟು ಹೊತ್ತು ಅದು ನನ್ನ ಬೆರಳೇ ಅಲ್ಲ, ಮುಟ್ಟಿದ್ದು ತಿಳಿಯದು, ಚುಚ್ಚಿದ್ದೂ ತಿಳಿಯದು. ಗವಸು ಹಾಕಿದರೆ ಉಪಯೋಗವಿಲ್ಲ, ಏಕೆಂದರೆ ಒಳಗೆ ಬಿಸಿ ಇದ್ದರೆ ತಾನೆ ಗವಸು ಅದನ್ನು ಕಾಪಾಡುವುದು? ಇಂಥ ಬೆರಳು ಗುಮಾಸ್ತನಿಗಿದ್ದರೆ ಅಡ್ಡಿಯಿಲ್ಲ, ಮೇಷ್ಟ್ರಿಗಿದ್ದರೂ ಅಡ್ಡಿಯಿಲ್ಲ. ನಾನು ಹೊಟ್ಟೆ ಕೊಯ್ಯುವ ಸರ್ಜನ್. ಹರ್ನಿಯಾ, ಅಪೆಂಡಿಕ್ಸು, ಪಿತ್ತಕೋಶದ ಕಲ್ಲು, ಇವೇ ನನ್ನ ಅನ್ನ.

ಚಿಕ್ಕಂದಿನಲ್ಲಿ ಮಾತ್ರ ಈ ಬೆರಳು ನನಗೆ ಒಂದು ಉಪಕಾರ ಮಾಡಿತ್ತು. ನಾವು ಚಿಕ್ಕಬಳ್ಳಾಪುರದಲ್ಲಿದ್ದೆವು. ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು, ಶಾಲೆಯ ಕಿಟಕಿಗಳಲ್ಲಿ ಒಂದಕ್ಕೂ ಗಾಜಿರಲಿಲ್ಲ. ಮಾರ್ಗಶಿರದ ಒಂದು ಬೆಳಿಗ್ಗೆ ಗಣಿತದ ಮೇಷ್ಟ್ರು ನನ್ನ ಬೆಳ್ಳನೆಯ ಬೆರಳುಗಳನ್ನು ಕಂಡು, ಸೀಮೆಸುಣ್ಣ ಕದ್ದು ಪುಡಿ ಮಾಡಿದ್ದೇನೆಂದು ತೀರ್ಮಾನಿಸಿ ಅಡಿಪಟ್ಟಿ ತೆಗೆದರು. ಐದು ಏಟು. ನನಗೆ ಏನೂ ಆಗಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ. ಮೇಷ್ಟ್ರೇ ಗಾಬರಿಯಾಗಿ ಪಟ್ಟಿ ಕೆಳಗಿಟ್ಟರು. ಅವತ್ತಿನಿಂದ ತರಗತಿಯಲ್ಲಿ ನನಗೆ ಎಂಟೆದೆಯ ಹುಡುಗನೆಂಬ ಹೆಸರು ಬಂತು. ಮನೆಗೆ ಹೋಗಿ ಒಲೆಯ ಮುಂದೆ ಕೂತ ಮೇಲೆ ಬೆರಳಿಗೆ ಜೀವ ಬಂದು, ಐದೂ ಏಟಿನ ನೋವು ಒಟ್ಟಿಗೆ ಬಂದು, ನಾನು ಕಿರುಚಿ ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಆಗ ಶುರುವಾದದ್ದು ನೋಡಿ, ನನ್ನ ದೋಷವನ್ನು ಊರಿನವರು ಗುಣವೆಂದು ತಿಳಿದು ನನ್ನನ್ನು ಪೇಚಿಗೆ ಸಿಕ್ಕಿಸುವುದು.

ಬೆಂಗಳೂರಿನ ಚಳಿಯ ಬಗ್ಗೆ ಯಾರಾದರೂ ನಕ್ಕರೆ ನನಗೆ ರೇಗುತ್ತದೆ. ಉತ್ತರದಿಂದ ಬಂದ ನೆಂಟರು ಬರೀ ಬನಿಯನ್ನಿನಲ್ಲಿ ನಮ್ಮ ತಾರಸಿಯ ಮೇಲೆ ಅಡ್ಡಾಡುತ್ತ "ಇದೂ ಒಂದು ಚಳಿಯಾ?" ಎನ್ನುತ್ತಾರೆ. ತೊಂಬತ್ತರ ದಶಕದಲ್ಲಿ ಪುಟ್ಟೇನಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಸ್ಕೂಟರಿನ ಮೇಲೆ ಒಮ್ಮೆ ಹೋಗಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಆಗ ಅಲ್ಲಿ ಇಷ್ಟು ಮನೆಗಳಿರಲಿಲ್ಲ. ಒಂದು ಕಡೆ ಕೆರೆ, ಇನ್ನೊಂದು ಕಡೆ ರಾಗಿ ಕೊಯ್ದ ಹೊಲ, ನಡುವೆ ಮಂಜು, ಮಂಜಿನ ನಡುವೆ ನಾನು. ನನ್ನ ಮನೆ ಬನಶಂಕರಿಯಲ್ಲಿ, ನಾನು ಆಪರೇಷನ್ ಮಾಡುತ್ತಿದ್ದ ನರ್ಸಿಂಗ್ ಹೋಮ್ ಜೆ.ಪಿ. ನಗರದ ಆಚೆ ತುದಿಯಲ್ಲಿ. ಸರ್ಜನ್ನರ ಕೆಲಸ ಶುರುವಾಗುವುದು ಬೆಳಗಿನ ಜಾವಕ್ಕೇ. ಇದನ್ನು ಯಾರು ಕಂಡುಹಿಡಿದರೋ, ಅವರ ಬೆರಳುಗಳು ಚೆನ್ನಾಗಿದ್ದಿರಬೇಕು.

ಆ ಆರೇಳು ಕಿಲೋಮೀಟರಿಗೆ ನಾನು ಮಾಡಿಕೊಳ್ಳುತ್ತಿದ್ದ ಸಿದ್ಧತೆ ಕಾಶಿಗೆ ಹೊರಟವರೂ ಮಾಡಿಕೊಳ್ಳುತ್ತಿರಲಿಲ್ಲ. ಎದ್ದ ಕೂಡಲೇ ಕೈಗೆ ಬಿಸಿ ಕೊಬ್ಬರಿ ಎಣ್ಣೆ. ಸ್ವೆಟರಿನೊಳಗೆ ಎದೆಗೆ ಅಡ್ಡಲಾಗಿ ಹಿಂದಿನ ದಿನದ ಪೇಪರು. ಭಾನುವಾರದ ಪೇಪರಿಗೆ ಪುರವಣಿ ಇರುವುದರಿಂದ ಸೋಮವಾರ ಸ್ವಲ್ಪ ಬೆಚ್ಚಗಿರುತ್ತಿತ್ತು, ಶನಿವಾರ ಬರೀ ಎಂಟು ಪುಟದ ಪೇಪರಿನಲ್ಲಿ ನಡುಗುವುದು. ಮಫ್ಲರು, ಅದರ ಮೇಲೆ ಹೆಲ್ಮೆಟ್ಟು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಸುಮಿತ್ರಾ, ಇಟ್ಟುಕೊಂಡರೆ ಹಾರನ್ನು ಕೇಳುವುದಿಲ್ಲ ಎಂದು ನಾನು, ಇದರಲ್ಲಿ ಹತ್ತು ನಿಮಿಷ. ದಾರಿಯಲ್ಲಿ ರಸ್ತೆ ನೆಟ್ಟಗಿರುವ ಕಡೆ ಎಡಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಓಡಿಸುತ್ತಿದ್ದೆ. ಒಮ್ಮೆ ಸಾರಕ್ಕಿ ಸಿಗ್ನಲ್ಲಿನಲ್ಲಿ ಪೊಲೀಸ್ ಪೇದೆಯೊಬ್ಬರು ಹತ್ತಿರ ಬಂದು, ಮರುಕದಿಂದ, "ಕೈ ಮುರ್ಕೊಂಡಿದೀರಾ ಸಾರ್? ಆಟೋದಲ್ಲಿ ಹೋಗ್ಬಾರ್ದಾ?" ಎಂದು ಕೇಳಿದ್ದರು.

ಆಟೋದಲ್ಲೂ ಹೋಗಿ ನೋಡಿದ್ದೇನೆ. ಆಟೋಗೆ ಎರಡೂ ಕಡೆ ಬಾಗಿಲಿಲ್ಲ ಎನ್ನುವುದು ಚಳಿಗಾಲದಲ್ಲಿ ಮಾತ್ರ ಗಮನಕ್ಕೆ ಬರುವ ಸಂಗತಿ.

ಸರ್ಜನ್ನನಾದ ನನಗೆ ಮಾತ್ರ ಹೊಳೆಯಬಹುದಾದ ಒಂದು ಉಪಾಯವೂ ಹೊಳೆಯಿತು. ಆಪರೇಷನ್ನಿಗೆ ಹಾಕುವ ರಬ್ಬರ್ ಗ್ಲೌಸಿನಲ್ಲಿ ಬಿಸಿನೀರು ತುಂಬಿ, ಮಣಿಕಟ್ಟಿನ ಹತ್ತಿರ ಆಪರೇಷನ್ ದಾರದಲ್ಲೇ ಗಂಟು ಹಾಕಿ, ಪ್ಯಾಂಟಿನ ಎರಡೂ ಜೇಬುಗಳಲ್ಲಿ ಒಂದೊಂದು ಇಟ್ಟುಕೊಂಡೆ. ಸಿಗ್ನಲ್ಲು ಬಂದಾಗ ಜೇಬಿಗೆ ಕೈ ಹಾಕಿದರೆ ಹಾಯೆನಿಸುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಬೀಗುತ್ತ ನಾಲ್ಕು ದಿನ ಹೋದೆ. ಐದನೆಯ ದಿನ ಸಿಗ್ನಲ್ಲಿನಲ್ಲಿ ಸ್ಕೂಟರನ್ನು ಕಾಲಿನಿಂದ ಆನಿಸಿ ನಿಲ್ಲಿಸುವಾಗ ಜೇಬಿನಲ್ಲಿದ್ದ ಬೀಗದ ಕೈ ಒತ್ತಿ, ಬಲಗಡೆಯ ಗ್ಲೌಸು ಪಟ್ಟೆಂದು ಒಡೆಯಿತು. ಬಿಸಿನೀರು ತೊಡೆಯಿಂದ ಕಾಲುಚೀಲದವರೆಗೆ ಹರಿಯಿತು. ಪಕ್ಕದಲ್ಲಿ ನಿಂತಿದ್ದ ಸಿಟಿ ಬಸ್ಸಿನ ಕಿಟಕಿಯಿಂದ ಒಬ್ಬರು ಅಜ್ಜಿ ನನ್ನ ಪ್ಯಾಂಟನ್ನೂ ಅದರಿಂದ ಏಳುತ್ತಿದ್ದ ಹಬೆಯನ್ನೂ ನೋಡಿ, ಮರ್ಯಾದೆಯಿಂದ ಆಚೆ ಕಡೆ ಮುಖ ತಿರುಗಿಸಿಕೊಂಡರು.

ಅದಾದ ಮೇಲೆ ಕಾಫಿಗೆ ಶರಣಾದೆ. ಸಾರಕ್ಕಿ ಹತ್ತಿರದ ಒಂದು ದರ್ಶಿನಿಯಲ್ಲಿ ದಿನವೂ ಎರಡು ಕಾಫಿ ತೆಗೆದುಕೊಂಡು, ಒಂದೊಂದು ಕೈಯಲ್ಲಿ ಒಂದೊಂದು ಲೋಟ ಹಿಡಿದು ನಿಲ್ಲುತ್ತಿದ್ದೆ. ಕುಡಿಯುತ್ತಿದ್ದುದು ಒಂದನ್ನೇ. ಕೌಂಟರಿನವನು ಮೊದಮೊದಲು, "ಇನ್ನೊಬ್ರು ಬರ್ತಾರಾ ಸಾರ್?" ಎನ್ನುತ್ತಿದ್ದ. ಬರುವುದಿಲ್ಲ ಎಂದೆ. ಆಮೇಲಾಮೇಲೆ ಅವನು ಏನೂ ಕೇಳದೆ, ತುಂಬ ದುಃಖದ ಮುಖ ಮಾಡಿಕೊಂಡು ಎರಡು ಕಾಫಿ ಕೊಡತೊಡಗಿದ. ನಾನು ಯಾರನ್ನೋ ಕಳೆದುಕೊಂಡಿದ್ದೇನೆಂದು ಅವನು ತಿಳಿದಿದ್ದ. ಅಲ್ಲ ಎಂದು ವಿವರಿಸುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ, ಎಂಟು ಗಂಟೆಗೆ ಹೊಟ್ಟೆಯೊಂದು ಕಾಯುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರು ತೆಗೆದುಕೊಂಡೆ. ಇನ್ನು ನಿಶ್ಚಿಂತೆ ಎಂದುಕೊಂಡರೆ, ಅದೇ ವರ್ಷ ನರ್ಸಿಂಗ್ ಹೋಮಿನವರು ಥಿಯೇಟರಿಗೂ ಡಾಕ್ಟರುಗಳ ಕೋಣೆಗೂ ಏಸಿ ಹಾಕಿಸಿದರು. ನಾನು ದಾರಿಯುದ್ದಕ್ಕೂ ಕಾಪಾಡಿಕೊಂಡು ತಂದ ಬಿಸಿಯನ್ನು ಆ ಯಂತ್ರ ಐದು ನಿಮಿಷದಲ್ಲಿ ಹೀರಿಬಿಡುತ್ತಿತ್ತು. ನಿಮ್ಮಾಣೆ ಹೇಳುತ್ತೇನೆ, ಈ ಊರು ನನ್ನ ಕೈಯನ್ನು ತಣ್ಣಗಿಡಬೇಕೆಂದೇ ಬೆಳೆಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತಣ್ಣಗಿನ ಕೈಯಲ್ಲಿ ನಾನು ಒಂದು ದಿನವೂ ಚಾಕು ಮುಟ್ಟಿಲ್ಲ. ಬೆರಳುಗಳು ಕೆಂಪಗಾಗಿ, ಹತ್ತೂ ತುದಿಗಳಲ್ಲಿ ಸ್ಪರ್ಶ ತಿಳಿದ ಮೇಲೆಯೇ ಕೈ ತೊಳೆಯಲು ಹೋಗುತ್ತಿದ್ದೆ. ಒಮ್ಮೆ ಬೆಚ್ಚಗಾದರೆ ಗ್ಲೌಸಿನೊಳಗೆ ಮಧ್ಯಾಹ್ನದವರೆಗೂ ತೊಂದರೆಯಿಲ್ಲ. ಆ ಬೆಚ್ಚಗಾಗುವ ಹೊತ್ತು ಇದೆಯಲ್ಲ, ಕಾಲು ಗಂಟೆ, ಅದೇ ನನ್ನ ಪ್ರಾಣ ತಿಂದದ್ದು. ಡಾಕ್ಟರುಗಳ ಕೋಣೆಯ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಮೈತುಂಬ ಶಾಲು ಹೊದ್ದು, ಅದರೊಳಗೆ ಎರಡೂ ಕೈಗಳನ್ನು ಎದೆಯ ಹತ್ತಿರ ಬೊಗಸೆ ಮಾಡಿ ಹಿಡಿದು, ಅದಕ್ಕೆ ಮೆಲ್ಲಗೆ ಉಸಿರು ಬಿಡುತ್ತಿದ್ದೆ. ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಣ್ಣು ತೆರೆದಿದ್ದರೆ ಯಾರಾದರೂ ಫೈಲು ತಂದು ಸಹಿ ಹಾಕಿ ಎನ್ನುತ್ತಿದ್ದರು, ಸಹಿ ಹಾಕಲು ಪೆನ್ನು ಹಿಡಿಯುವ ಶಕ್ತಿಯೂ ಆ ಬೆರಳುಗಳಿಗೆ ಇರುತ್ತಿರಲಿಲ್ಲ.

ಥಿಯೇಟರಿನ ಹಿರಿಯ ನರ್ಸ್ ಫಿಲೋಮಿನಾ ಸಿಸ್ಟರ್ ಇದನ್ನು ಕೆಲವು ದಿನ ನೋಡಿದರು. ಆಮೇಲೊಂದು ದಿನ ನಾನು ಕಣ್ಣು ಮುಚ್ಚಿ ಕೂತಿರುವಾಗ ಬಾಗಿಲ ಬಳಿ ಅವರು ಯಾರಿಗೋ ಪಿಸುಗುಟ್ಟಿದ್ದು ಕೇಳಿತು: "ಶ್! ಈಗ ಹೋಗ್ಬೇಡ. ಸಾರ್ ಪ್ರೇಯರ್‌ನಲ್ಲಿದಾರೆ."

ಒಳ್ಳೆಯದೇ ಆಯಿತು, ಯಾರೂ ತೊಂದರೆ ಕೊಡುವುದಿಲ್ಲ ಎಂದುಕೊಂಡೆ. ಅದೇ ನಾನು ಮಾಡಿದ ತಪ್ಪು. ಆ ಕ್ಷಣವೇ ಎದ್ದು, ಇಲ್ಲ ಸಿಸ್ಟರ್, ಕೈ ಮರಗಟ್ಟಿದೆ, ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಹಾಗೆ ನೋಡಿದರೆ ದೇವರ ಮನೆಗೆ ಹೋಗುವವನೇ ಅಲ್ಲ. ಹಬ್ಬದ ದಿನ ಮಂಗಳಾರತಿಗೆ ಸುಮಿತ್ರಾ ಮೂರು ಸಲ ಕೂಗಬೇಕು. ಅಂಥವನಿಗೆ ವಾರದೊಳಗೆ ಆ ಸ್ಟೂಲಿನ ಎದುರು ಗೋಡೆಯ ಮೇಲೆ ದೇವರ ಪಟ ಬಂತು. ಇನ್ನೊಂದು ವಾರಕ್ಕೆ ಊದುಬತ್ತಿ ಬಂತು. ಹೊಗೆಗೆ ನನಗೆ ಕೆಮ್ಮು ಬಂತು. ಕೆಮ್ಮುವುದನ್ನು ಕೇಳಿ ಆಯಾ ತುಳಸಿ ಕಷಾಯ ತಂದಿಟ್ಟಳು. ಆ ಬಿಸಿ ಲೋಟ ಮಾತ್ರ ಉಪಯೋಗಕ್ಕೆ ಬಂತು.

ಕೊನೆಗೆ ತಾಳಲಾರದೆ ಒಂದು ದಿನ ಹೇಳಿಯೇಬಿಟ್ಟೆ. "ಸಿಸ್ಟರ್, ನಾನಲ್ಲಿ ಪ್ರಾರ್ಥನೆ ಗೀರ್ಥನೆ ಏನೂ ಮಾಡ್ತಿಲ್ಲ."

ಅವರು ನಕ್ಕರು. "ಗೊತ್ತು ಸಾರ್. ನಿಜವಾಗ್ಲೂ ಮಾಡೋರು ಹಾಗೇ ಹೇಳೋದು."

ಇಂಥವರಿಗೆ ಏನು ಹೇಳುತ್ತೀರಿ? ಹೊರಗಿನ ಬೆಂಚಿನಲ್ಲಿ ಕಾಯುವ ರೋಗಿಗಳ ಮನೆಯವರಿಗೂ ಸುದ್ದಿ ಹರಡಿತು. ಉತ್ತರಹಳ್ಳಿಯಿಂದ, ಕೋಣನಕುಂಟೆಯಿಂದ "ಜಪ ಮಾಡೋ ಡಾಕ್ಟ್ರು ಇವ್ರೇನಾ?" ಎಂದು ಕೇಳಿಕೊಂಡು ಬರತೊಡಗಿದರು. ಒಬ್ಬರು ಆಪರೇಷನ್ ಆದ ಮೇಲೆ ಪ್ರಸಾದ ಕೇಳಿದರು. ನಾನು ಓದಿದ ಓದು, ಮೂವತ್ತಾರು ಗಂಟೆ ನಿದ್ದೆಗೆಟ್ಟು ಕಲಿತ ಕೆಲಸ, ಅದಕ್ಕೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಸರಿಯಾಗಿ ಓಡಾಡದ ರಕ್ತಕ್ಕೆ ಕೊಟ್ಟರು.

ನಿಜ ಹೇಳುವುದಕ್ಕೇನಾಗಿತ್ತು ಎಂದು ನೀವು ಕೇಳಬಹುದು. ಭಯವಾಗಿತ್ತು. ಬೆರಳು ಸಾಯುವ ಸರ್ಜನ್ನನಿಗೆ ತನ್ನ ಹೊಟ್ಟೆಯನ್ನು ಯಾರು ಕೊಡುತ್ತಾರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು, ಅದನ್ನು ಸುಮಿತ್ರಾಳಿಗೂ ಹೇಳಿರಲಿಲ್ಲ. ಕಾಲು ಗಂಟೆಯಲ್ಲಿ ಬೆಚ್ಚಗಾಗುತ್ತಿದ್ದ ಕೈಗೆ ಈಚೆಗೆ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಕಾರು ಬಂದ ಎರಡನೆಯ ಚಳಿಗಾಲಕ್ಕೆ ಅರ್ಧ ಗಂಟೆ. ಕೆಲವು ದಿನ ಬಲಗೈಯ ಕಿರುಬೆರಳು ಕೊನೆಯವರೆಗೂ ಸತಾಯಿಸುತ್ತಿತ್ತು. ಒಂದು ದಿನ ಅದು ವಾಪಸು ಬರುವುದೇ ಇಲ್ಲವೇನೋ, ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕೇನೋ ಎಂದು ಆ ಸ್ಟೂಲಿನ ಮೇಲೆ ಕೂತು ಲೆಕ್ಕ ಹಾಕುತ್ತಿದ್ದೆ. ಹೊರಗಿನವರು ಅದನ್ನು ಜಪ ಎನ್ನುತ್ತಿದ್ದರು.

ಆ ಚಳಿಗಾಲದಲ್ಲೇ ಗೌರವ್ವ ಮೂರನೆಯ ಸಲ ನನ್ನ ಹತ್ತಿರ ಬಂದದ್ದು. ಗದಗಿನ ಕಡೆಯವರು, ಅರವತ್ತು ದಾಟಿದ ಗಟ್ಟಿ ಹೆಂಗಸು, ಹಣೆತುಂಬ ವಿಭೂತಿ. ಮಗ ಮಹಾಂತೇಶ ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದ. ಆಕೆಯ ಹೊಕ್ಕುಳ ಹತ್ತಿರ ನಿಂಬೆಹಣ್ಣಿನಷ್ಟಿದ್ದ ಹರ್ನಿಯಾ ಎರಡು ವರ್ಷದಲ್ಲಿ ಮೂಸಂಬಿಯಷ್ಟಾಗಿತ್ತು. ಎರಡು ಸಲ ಕರುಳು ಅದರಲ್ಲಿ ಸಿಕ್ಕಿಕೊಂಡು, ವಾಂತಿಯಾಗಿ, ಹೇಗೋ ತಾನಾಗಿ ಒಳಗೆ ಹೋಗಿತ್ತು. ಮೂರನೆಯ ಸಲ ಹೋಗದಿದ್ದರೆ ಕರುಳು ಕೊಳೆಯುತ್ತದೆ, ಜೀವಕ್ಕೇ ಅಪಾಯ ಎಂದು ನಾನು ಗಂಟಲು ಹರಿದುಕೊಂಡಿದ್ದೆ. ಒಂದು ಸಲ "ಸೊಸಿ ಬಾಣಂತನ ಐತ್ರಿ" ಎಂದು ಎದ್ದು ಹೋದರು. ಇನ್ನೊಂದು ಸಲ ಆಪರೇಷನ್ನಿಗೆ ದಿನ ಗೊತ್ತಾಗಿ, ಹಿಂದಿನ ಸಂಜೆ, "ಯಾಕೋ ಮನಸ ಒಲ್ಲೆ ಅಂತೈತ್ರಿ" ಎಂದು ಚೀಲ ಹಿಡಿದು ಹೊರಟೇಬಿಟ್ಟರು. ಮನಸ್ಸಿಗೆ ಆಪರೇಷನ್ ಮಾಡುವ ವಿದ್ಯೆ ನನಗೆ ಬರುವುದಿಲ್ಲ.

ಈ ಸಲ ಮತ್ತೆ ಹೊಟ್ಟೆ ನೋವಾಗಿ ಸೇರಿದ್ದರು. ನೋವು ಇಳಿದ ಮೇಲೆ ಮಾಮೂಲಿನಂತೆ ಬೇಡ ಎಂದರು. ಮಾರನೆಯ ದಿನ ಬೆಳಿಗ್ಗೆ ಮಹಾಂತೇಶ ನನ್ನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಒಪ್ಪಿಗೆ ಪತ್ರ, ಅದರ ಕೆಳಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಗೌರವ್ವ ಎಂಬ ಸಹಿ.

"ಅವ್ವ ಒಪ್ಪ್ಯಾಳ್ರೀ ಸರ."

"ಹೇಗ್ರೀ ಒಪ್ಪಿದ್ರು?"

"ಮುಂಜಾನೆ ನೀವು ಪೂಜಾಕ್ಕ ಕುಂತಿದ್ದು ಬಾಗಲದಾಗಿಂದ ನೋಡ್ಯಾಳ್ರಿ. ಶಾಲಿನೊಳಗ, ಅಂಗೈಯಾಗ ಲಿಂಗಪ್ಪನ್ನ ಹಿಡಕೊಂಡು ಕಣ್ಣ ಮುಚ್ಚಿ ಕುಂತಿದ್ರಂತಲ್ಲ. ಇಷ್ಟ ಭಕ್ತಿ ಇರೋ ಡಾಕ್ಟರ್ ಕೈಯಾಗ ಹೊಟ್ಟಿ ಕೊಡಾಕ ನನಗೇನ ಅಂಜಿಕಿಲ್ಲ ಅಂದ್ಲು. ನಾಳೆ ನಿಮ್ಮ ಪೂಜಾ ಮುಗಿದ ಮ್ಯಾಲೇ ತನ್ನನ್ನ ಒಳಗ ಕರೀಬೇಕಂತ್ರಿ."

ಅವರ ಮನೆಗಳಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣೆದುರು ಹಿಡಿದು ಪೂಜೆ ಮಾಡುತ್ತಾರೆ. ಶಾಲಿನೊಳಗೆ ಬೊಗಸೆಯಾಗಿದ್ದ ನನ್ನ ಕೈಗಳನ್ನು ಕಂಡು ಆಕೆ ಹಾಗೆ ತಿಳಿದಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಅಷ್ಟು ದಿನ ಬರೀ ಕಿರಿಕಿರಿಯಾಗಿದ್ದದ್ದು ಈಗ ಬೇರೆಯೇ ಆಯಿತು. ಒಪ್ಪಿಗೆ ಎಂದರೆ ಏನಾಗುತ್ತದೆ, ಏನು ಆಗಬಹುದು ಎಂಬುದನ್ನೆಲ್ಲ ತಿಳಿದು ಕೊಡುವುದು. ಈಕೆ ಇಲ್ಲದ ಪೂಜೆಯನ್ನು ನಂಬಿ ಸಹಿ ಹಾಕಿದ್ದರು. ನಿಜ ಹೇಳಿದರೆ ಮತ್ತೆ ಚೀಲ ಹಿಡಿದು ಎದ್ದು ಹೋಗುತ್ತಾರೆ, ಇನ್ನೊಂದು ಸಲ ಕರುಳು ಸಿಕ್ಕಿಕೊಂಡರೆ ಉಳಿಯುವುದಿಲ್ಲ. ಹೇಳದಿದ್ದರೆ ಸುಳ್ಳು ಹೇಳಿ ಒಬ್ಬರ ಹೊಟ್ಟೆ ಕೊಯ್ದ ಹಾಗಾಗುತ್ತದೆ. ಆ ರಾತ್ರಿ ಊಟ ಸೇರಲಿಲ್ಲ. "ಏನಾಯ್ತ್ರೀ?" ಎಂದ ಸುಮಿತ್ರಾಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಮಾರನೆಯ ದಿನ ಹಾಳು ಚಳಿ. ಸ್ಟೂಲಿನ ಮೇಲೆ ಇಪ್ಪತ್ತು ನಿಮಿಷ ಕೂತೆ, ಮೂವತ್ತು ನಿಮಿಷ ಕೂತೆ. ಏಸಿ ನಿಲ್ಲಿಸಿ ಎಂದರೆ ಅದರ ಗುಂಡಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ನಲವತ್ತು ನಿಮಿಷವಾಯಿತು. ಎಂಟು ಬೆರಳು ಕೆಂಪಗಾದವು. ಬಲಗೈಯ ಉಂಗುರದ ಬೆರಳು, ಕಿರುಬೆರಳು ಬೆಳ್ಳಗೇ ಉಳಿದವು. ಫಿಲೋಮಿನಾ ಸಿಸ್ಟರ್ ಎರಡು ಸಲ ಇಣುಕಿ, ಭಕ್ತಿಯಿಂದ ಬಾಗಿಲು ಮುಚ್ಚಿಕೊಂಡು ಹೋದರು. ಅವತ್ತು ಆ ಭಕ್ತಿ ಕಂಡು ನನಗೆ ಅಳು ಬರುವುದೊಂದು ಬಾಕಿ. ಎದ್ದು ಪಕ್ಕದ ಕೋಣೆಗೆ ಹೋದೆ.

ಗೌರವ್ವ ಹಸಿರು ನಿಲುವಂಗಿ ತೊಟ್ಟು, ಕಂಬಳಿ ಹೊದ್ದು, ಮಂಚದ ಮೇಲೆ ಎದ್ದು ಕೂತಿದ್ದರು. ಕೊರಳಿನ ಲಿಂಗವನ್ನು ತೆಗೆಯುವುದಿಲ್ಲವೆಂದು ಹಟ ಹಿಡಿದಿದ್ದರಿಂದ ಸಿಸ್ಟರು ಅದನ್ನು ಎಡಗೈ ರಟ್ಟೆಗೆ ಬಟ್ಟೆಯಲ್ಲಿ ಕಟ್ಟಿದ್ದರು. ಬೇರೆ ಯಾರೂ ಇರಲಿಲ್ಲ.

"ಪೂಜಾ ಆತೇನ್ರೀ ಡಾಕ್ಟರ?"

"ಇಲ್ಲಮ್ಮ" ಎಂದೆ. ಆಮೇಲೆ ಬಾಯಿಂದ ಮಾತು ತಾನಾಗಿ ಬಂತು. "ನಾನು ಪೂಜೆ ಮಾಡೋದೇ ಇಲ್ಲ. ಯಾವತ್ತೂ ಮಾಡಿಲ್ಲ. ನನ್ನ ಕೈ ಚಳಿಗೆ ಮರಗಟ್ಟತ್ತೆ. ಅದನ್ನ ಬೆಚ್ಚಗೆ ಮಾಡ್ಕೊಳೋಕೆ ಹಾಗೆ ಕೂರ್ತೀನಿ ಅಷ್ಟೆ. ನೀವು ನೋಡಿದ್ದು ಅದನ್ನೇ. ಇವತ್ತು ಇನ್ನೂ ಎರಡು ಬೆರಳು ಸರಿಹೋಗಿಲ್ಲ. ಇದು ಸರಿಹೋಗೋವರೆಗೆ ನಾನು ಮುಟ್ಟೋದಿಲ್ಲ. ನಿಮಗೆ ಬೇಡ ಅನ್ಸಿದ್ರೆ ಈಗ್ಲೂ ಬೇಡ ಅನ್ನಬಹುದು. ಬೇರೆ ಸರ್ಜನ್ ಹೆಸರು ನಾನೇ ಹೇಳ್ತೀನಿ. ಆದ್ರೆ ಆಪರೇಷನ್ ಮಾತ್ರ ಬಿಡಬೇಡಿ."

ಅವರು ಕಂಬಳಿಯಿಂದ ಕೈ ಹೊರಗೆ ತೆಗೆದರು. "ನೋಡೂಣು, ತರ್ರಿ ಇಲ್ಲೆ" ಎಂದರು.

ನಾನು ಬಲಗೈ ಚಾಚಿದೆ. ಮೇಷ್ಟ್ರ ಮುಂದೆ ಚಾಚಿದಾಗ ಇಷ್ಟು ಹೆದರಿಕೆಯಾಗಿರಲಿಲ್ಲ. ಆಕೆ ಆ ಎರಡು ಬೆರಳುಗಳನ್ನು ಹಿಡಿದು, ತಿರುಗಿಸಿ, ಹಿಚುಕಿ ನೋಡಿದರು.

"ಅಯ್ಯ, ಹೆಂಗ ಥಣ್ಣಗಾಗ್ಯಾವಲ್ರೀ! ಎಷ್ಟ ವರ್ಷ ಆತು ಹಿಂಗ?"

"ಹುಡುಗನಾಗಿದ್ದಾಗಿಂದ."

"ಹಂಗಾರ ಇಷ್ಟ ಮಂದೀ ಹೊಟ್ಟಿ ಕೊಯ್ದದ್ದು ಇದ ಕೈಲೇ ಹೌದಿಲ್ಲೋ?"

"ಹೌದು. ಬೆಚ್ಚಗಾದ ಮೇಲೆ."

"ಮುಂಜಾನೆ ಏನ ತಿಂದ್ರಿ?"

"ಕಾಫಿ ಕುಡಿದೆ."

"ಕಾಫಿ!" ಗೌರವ್ವನಿಗೆ ನನ್ನ ಬೆರಳಿಗಿಂತ ಇದು ದೊಡ್ಡ ತಪ್ಪಾಗಿ ಕಂಡಿತು. "ಒಂದ ರೊಟ್ಟಿ ತಿನ್ನಲಾರದ ಹೊಟ್ಟಿ ಕೊಯ್ಯಾಕ ಬಂದೀರಿ? ಕೈಯಾಗ ಕಸು ಎಲ್ಲಿಂದ ಬರಬೇಕ್ರಿ? ನನಗ ರಾತ್ರಿಯಿಂದ ಒಂದ ಗುಟುಕ ನೀರ ಕೊಟ್ಟಿಲ್ಲ ನಿಮ್ಮ ಸಿಸ್ಟರು. ನನ್ನ ಕೈ ನೋಡ್ರಿ, ಹೆಂಗ ಬೆಚ್ಚಗದಾವ."

ಹೌದು, ಬೆಚ್ಚಗಿದ್ದವು. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಅಂಗೈಗಳು, ಒರಟಾಗಿ, ಅಗಲವಾಗಿ, ಒಲೆಯ ಬಿಸಿ ಇನ್ನೂ ಒಳಗೆ ಉಳಿದಿದೆಯೇನೋ ಎನ್ನುವ ಹಾಗಿದ್ದವು. ಆಕೆ ನನ್ನನ್ನು ಮಂಚದ ಅಂಚಿನ ಮೇಲೆ ಕೂರಿಸಿಕೊಂಡು, ನನ್ನ ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡು ಉಜ್ಜತೊಡಗಿದರು.

"ಅಮ್ಮಾ, ನೀವು ಇನ್ನೂ ಹೇಳಲಿಲ್ಲ. ಪೂಜೆ ಇಲ್ಲ ಅಂತ ಗೊತ್ತಾಯ್ತಲ್ಲ. ಮಾಡ್ಲಾ, ಬೇಡ್ವಾ?"

"ಸುಮ್ನ ಕುಂದ್ರಿ ಒಂದೀಟು" ಎಂದರು ಗೌರವ್ವ. "ಕೈ ಸರಿ ಇಲ್ಲಂತ ಹೇಳಾ ಡಾಕ್ಟರನ್ನ ಬಿಟ್ಟು, ಹೇಳಲಾರದವನ್ನ ಎಲ್ಲೆ ಹುಡಕಿಕೋಂತ ಹೋಗ್ಲಿ? ಹೊಟ್ಟಿ ಕೊಯ್ಯೋ ಕೈ ನಾನ ಕಾಸಿ ಕೊಡತೀನಿ. ನೀವು ನೆಟ್ಟಗ ಕೊಯ್ರಿ, ನೆಟ್ಟಗ ಹೊಲೀರಿ."

ಇಷ್ಟು ವರ್ಷ ಎಷ್ಟೋ ಜನರ ಕೈ ಹಿಡಿದು ಹೆದರಬೇಡಿ ಎಂದಿದ್ದೇನೆ. ನನ್ನ ಕೈಯನ್ನು ಹಿಡಿದವರು ಯಾರೂ ಇರಲಿಲ್ಲ. ಗವಸು ಕೊಟ್ಟಿದ್ದರು, ಸಲಹೆ ಕೊಟ್ಟಿದ್ದರು, ಊದುಬತ್ತಿ ಹಚ್ಚಿದ್ದರು. ನಾನಾದರೂ ಯಾರ ಮುಂದೆಯೂ ಈ ಕೈಯನ್ನು ಚಾಚಿರಲಿಲ್ಲ. ಹರ್ನಿಯಾ ಸರಿಹೋಯಿತು ಎಂದು ಈಗಲೇ ಹೇಳಿಬಿಡುತ್ತೇನೆ, ನಿಮಗೆ ಆತಂಕ ಬೇಡ. ಒಂಬತ್ತನೆಯ ದಿನ ಹೊಲಿಗೆ ಬಿಚ್ಚಿಸಿಕೊಂಡು ಹೋಗುವಾಗ ಅವರು ನನ್ನ ಊಟದ ಬಗ್ಗೆಯೇ ಮಗನಿಗೆ ದೂರು ಹೇಳುತ್ತಿದ್ದರು.

ಆದರೆ ಅವತ್ತು ಅಷ್ಟರಲ್ಲಿ ಬಾಗಿಲು ತೆರೆಯಿತು. ಮಹಾಂತೇಶ ಒಳಗೆ ಇಣುಕಿದ, ಅವನ ಹಿಂದೆ ಫಿಲೋಮಿನಾ ಸಿಸ್ಟರ್. ಕಂಬಳಿಯ ಮೇಲಿನಿಂದ ಅವರಿಗೆ ಕಾಣುತ್ತಿದ್ದುದು, ತಲೆತಗ್ಗಿಸಿ ಕೂತ ನಾನು ಮತ್ತು ನನ್ನೆದುರು ಕೂತ ಗೌರವ್ವ, ಅಷ್ಟೆ.

"ಪೂಜಾ ಮುಗೀತೇನ್ರೀ ಸರ?" ಎಂದು ಮಹಾಂತೇಶ ಮೆಲ್ಲಗೆ ಕೇಳಿದ.

ಇನ್ನು ಸಾಕು, ಇವರೆಲ್ಲರಿಗೂ ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ. ಕಂಬಳಿಯೊಳಗೆ ಗೌರವ್ವ ನನ್ನ ಕಿರುಬೆರಳನ್ನು ಗಟ್ಟಿಯಾಗಿ ಹಿಚುಕಿದರು.

"ನಡದೈತೋ" ಎಂದರು ಮಗನಿಗೆ. "ನೀ ಬಾಗಲಾ ಹಾಕಿ ಹೊರಗ ಕುಂದ್ರು. ನಡುವ ಅವರನ್ನ ಮಾತಾಡಸಬ್ಯಾಡ."

ಬಾಗಿಲು ಮುಚ್ಚಿಕೊಂಡಿತು. ಕಿರುಬೆರಳು ನೋಯತೊಡಗಿತು. ನೋಯುತ್ತಿದೆ ಎಂದೆ. ನೋಯಲಿ ಎಂದರು ಗೌರವ್ವ, ಮತ್ತು ಉಜ್ಜುವುದನ್ನು ಮುಂದುವರಿಸಿದರು.